ಶತ್ರುವಿನ ಮನೆಗೆ ಬಂದ ಪತ್ರ

ಮಾನ್ಯ ಸಂಪಾದಕರೇ,

ಪೆರು ದೇಶದ ನೌಕಾಧಿಕಾರಿ ಮಿಗೆಲ್ ಗ್ರಾವು ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರೆಯುವವರು ಕಡಿಮೆ. ಚಿಲಿ ವಿರುದ್ಧದ ಯುದ್ಧದಲ್ಲಿ, 1879ರ ಮೇ 21ರಂದು ಇಕಿಕೆ ಬಂದರಿನ ಬಳಿ ಅವರ ಕಬ್ಬಿಣದ ಹಡಗು ಉವಾಸ್ಕರ್, ಚಿಲಿಯ ಮರದ ಹಡಗು ಎಸ್ಮೆರಾಲ್ಡಾಕ್ಕೆ ಗುದ್ದಿ ಮುಳುಗಿಸಿತು. ಕತ್ತಿ ಹಿಡಿದು ಉವಾಸ್ಕರ್ ಮೇಲೆ ಹಾರಿದ ಚಿಲಿ ಕಪ್ತಾನ ಆರ್ತುರೊ ಪ್ರಾತ್ ಅಲ್ಲೇ ಸತ್ತರು. ಆಮೇಲೆ ಗ್ರಾವು ದೋಣಿ ಇಳಿಸಿ, ನೀರಲ್ಲಿ ಒದ್ದಾಡುತ್ತಿದ್ದ ಶತ್ರು ನಾವಿಕರನ್ನು ಎತ್ತಿಸಿದರು. ಇಷ್ಟಕ್ಕೇ ನಿಲ್ಲಲಿಲ್ಲ. ಪ್ರಾತ್ ಅವರ ಪತ್ನಿ ಕಾರ್ಮೆಲಾಗೆ ಸಾಂತ್ವನದ ಪತ್ರ ಬರೆದರು. ಜೊತೆಗೆ ಪ್ರಾತ್ ಅವರ ಕತ್ತಿ, ಮದುವೆಯ ಚಿನ್ನದ ಉಂಗುರ, ಅಂಗಿ ಗುಂಡಿ, ಹೆಂಡತಿ ಮಕ್ಕಳ ಫೋಟೊಗಳನ್ನೂ ಕಳಿಸಿದರು. ಒಂದೊಂದನ್ನೂ ಪಟ್ಟಿ ಮಾಡಿದ್ದರು! ಆ ಉಂಗುರ ಕೈಗೆ ಬಂದಾಗ ಆ ತಾಯಿಗೆ ಹೇಗಾಗಿರಬೇಕು ಅಲ್ವಾ?

ಅದೇ ವರ್ಷ ಅಕ್ಟೋಬರ್ 8ರಂದು ಅಂಗಾಮೋಸ್ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಗ್ರಾವು ಸತ್ತರು. ದೇಹ ಪೂರ್ತಿ ಸಿಗಲೂ ಇಲ್ಲ. ಪೆರುವಿನಲ್ಲಿ ಅವರನ್ನು ಇಂದಿಗೂ ‘ಸಮುದ್ರದ ಸಜ್ಜನ’ ಎನ್ನುತ್ತಾರೆ.

ನಿಮ್ಮ ಮಕ್ಕಳ ಪುಟದಲ್ಲಿ ಇವರ ಕಥೆ ದಯವಿಟ್ಟು ಹಾಕಿ. ಉವಾಸ್ಕರ್ ಈಗಲೂ ಚಿಲಿಯ ತಾಲ್ಕಾವಾನೊದಲ್ಲಿ ವಸ್ತುಸಂಗ್ರಹಾಲಯವಾಗಿ ತೇಲುತ್ತಿದೆ. ಅದರ ಚಿತ್ರವೂ ಇರಲಿ.

– ಒಬ್ಬ ಓದುಗ, ಮೈಸೂರು