ಲಕ್ಕಿ ಡ್ರಾ ಬದಲು ಹರಾಜು: ವಸ್ತು ಕೊಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹಳೇಬೀಡಿನಲ್ಲಿ ಈ ಶನಿವಾರ, ಭಾನುವಾರ ನಡೆಯುವ ಹೊಯ್ಸಳ ಕಾಲದ ವೇಷ ಪ್ರದರ್ಶನದ ಖರ್ಚಿಗೆ ಲಕ್ಕಿ ಡ್ರಾ ಕೂಪನ್ ಮಾರೋಣ ಎಂದು ಕೆಲವರು ಕೇಳಿದ್ದೀರಿ. ದಯವಿಟ್ಟು ಬೇಡ. ರಾಜ್ಯದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ದುಡ್ಡು ಪಡೆದು ಚೀಟಿ ಎತ್ತಿದರೆ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ತೊಂದರೆ ಆಗಬಹುದು.

ಭಾನುವಾರ ಸಂಜೆ 4ಕ್ಕೆ ಶಾಲಾ ಮೈದಾನದಲ್ಲಿ ಹರಾಜು. ದೇವಸ್ಥಾನದ ಆವರಣ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅಲ್ಲಿ ಮೇಜು ಹಾಕಬೇಡಿ.

ಕಾಫಿ ಪುಡಿ, ಮೆಣಸು ಕೊಡುವವರು ಸೀಲ್ ಮಾಡಿದ ಪ್ಯಾಕೆಟ್ ಮಾತ್ರ ತನ್ನಿ. ಬಿಡಿಯಾಗಿ ತಂದರೆ ತೇವ ಹಿಡಿಯುತ್ತದೆ. ಪ್ರತಿ ವಸ್ತುವಿಗೂ ನಂಬರ್ ಚೀಟಿ, ಕನಿಷ್ಠ ಬೆಲೆ ಕಡ್ಡಾಯ. ಕೂಗು 50 ರೂಪಾಯಿಯಂತೆ ಏರಲಿ. ದುಡ್ಡು ಕೈಸೇರಿ ರಸೀದಿ ಬರೆದ ಮೇಲೆಯೇ ವಸ್ತು ಕೊಡಿ. ಜನ ಸೇರಿದಾಗ ನೆಟ್‌ವರ್ಕ್ ಕೈಕೊಡಬಹುದು, ಚಿಲ್ಲರೆ ಇಟ್ಟುಕೊಳ್ಳಿ.

ಏನು ಕೊಡುತ್ತೀರಿ, ಎಷ್ಟು ಬೆಲೆ ಎಂದು ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.