ಸೀನ, ಒಪ್ಪಿಕೊಳ್ಳೋ ಮುಂಚೆ ಇದನ್ನು ಓದು

ಸೀನ,

ನಿನ್ನ ಮೆಸೇಜ್ ನೋಡಿದೆ. ಬಾಸ್ಕೆಟ್‌ಬಾಲ್ ಕ್ಲಬ್ಬಿನವರು ಹೆಡ್ ಕೋಚ್ ಆಗು ಅಂತ ಬೆನ್ನು ಬಿದ್ದಿದ್ದಾರೆ, ನೀನು "ಹತ್ತು ವರ್ಷ ಆಡಿದ್ದೀನಿ, ಇನ್ನೇನು ಬೇಕು" ಅಂತ ಬರೆದಿದ್ದೀಯ. ನನಗೆ ಹೆದರಿಕೆ ಆಗಿದ್ದೇ ಆ ಮಾತಿಗೆ.

ಹೋದ ತಿಂಗಳು ತುಮಕೂರಿಗೆ ಬಂದಾಗ ಆ ಸಣ್ಣ ಹುಡುಗನಿಗೆ ಲೇಅಪ್, ಅದೇ ಓಡಿ ಬಂದು ಎಗರಿ ಬುಟ್ಟಿಗೆ ಚೆಂಡು ಹಾಕೋದು, ಹೇಳಿಕೊಟ್ಟೆಯಲ್ಲ, ನೆನಪಿದೆಯಾ? "ಹಂಗಲ್ಲ ಕಣೋ, ಹಿಂಗೆ" ಅಂತ ನೀನೇ ನಾಲ್ಕು ಸಲ ಹಾಕಿ ತೋರಿಸಿದೆ. ನಾಲ್ಕೂ ಬಿತ್ತು. ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ, ಆಮೇಲೆ ಮತ್ತೆ ಅದೇ ತಪ್ಪು ಕಾಲಲ್ಲಿ ಎಗರಿದ. ನಮ್ಮ ಪಿ.ಟಿ. ಮೇಷ್ಟ್ರು ಇದ್ದಿದ್ದರೆ ಮೊದಲು ಚೆಂಡು ಕಿತ್ತುಕೊಳ್ಳುತ್ತಿದ್ದರು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಎರಡು ಸೊನ್ನೆ ಬರೆದು, ಇದರಲ್ಲಿ ಬಲಗಾಲು, ಅದರಲ್ಲಿ ಎಡಗಾಲು, ಅಲ್ಲಿಂದ ಎಗರು ಅನ್ನುತ್ತಿದ್ದರು. ಒಂದು ವಾರ ಬರೀ ಕಾಲು. ಅವರು ಗೆರೆ ಮೇಲೆ ನಿಂತು ಹತ್ತು ಫ್ರೀ ಥ್ರೋ ಹಾಕಿದರೆ ಮೂರು ಬಿದ್ದರೆ ಹಬ್ಬ, ಆದರೂ ನಿನ್ನ ಲೇಅಪ್ಪೂ ಅವರು ಕೊಟ್ಟಿದ್ದೇ ಅಲ್ವಾ.

ಮ್ಯಾಜಿಕ್ ಜಾನ್ಸನ್‌ಗಿಂತ ಆಟ ಗೊತ್ತಿದ್ದವನು ಬೇಕಾ ನಿನಗೆ? 1994ರಲ್ಲಿ ಸೀಸನ್ ಮುಗಿಯೋ ಹೊತ್ತಿಗೆ ಅಮೆರಿಕದ ಎನ್‌ಬಿಎ ಲೀಗ್‌ನ ಲೇಕರ್ಸ್ ತಂಡಕ್ಕೆ ಕೋಚ್ ಆಗಿ ಬಂದ. 16 ಪಂದ್ಯದಲ್ಲಿ ಗೆದ್ದಿದ್ದು 5. ಸಾಕಪ್ಪಾ ಸಾಕು ಅಂತ ಬಿಟ್ಟ. ಎರಿಕ್ ಸ್ಪೋಲ್‌ಸ್ಟ್ರಾ ಅನ್ನೋ ಕೋಚ್ ಎನ್‌ಬಿಎ ಆಡಿದವನೇ ಅಲ್ಲ, ಮಯಾಮಿ ತಂಡದಲ್ಲಿ ಪಂದ್ಯದ ವಿಡಿಯೊ ನೋಡೋ ಕೋಣೆಯಿಂದ ಶುರು ಮಾಡಿ 2012, 2013 ಎರಡೂ ವರ್ಷ ಕಪ್ ಎತ್ತಿಸಿದ. ಇನ್ನು ಸ್ಟೀವ್ ಕೆರ್. 2014ರಲ್ಲಿ ವಾರಿಯರ್ಸ್ ತಂಡ ಕರೆದಾಗ ಅವನು ಯಾವ ತಂಡಕ್ಕೂ ಕೋಚ್ ಆಗಿರಲಿಲ್ಲ, ಮೊದಲ ಸೀಸನ್ನಿನಲ್ಲೇ ಚಾಂಪಿಯನ್! ಆಡುವಾಗ ಅವನದು ಪಂದ್ಯಕ್ಕೆ ಸರಾಸರಿ 6 ಪಾಯಿಂಟ್, ಜಾಸ್ತಿ ಹೊತ್ತು ಬೆಂಚು. ಆದರೆ ಆ ಬೆಂಚಿನಲ್ಲಿ ಕೂತು ನೋಡಿದ್ದು ಯಾರನ್ನ ಅಂತ ನೋಡು, ಷಿಕಾಗೋದಲ್ಲಿ ಕೋಚ್ ಫಿಲ್ ಜಾಕ್ಸನ್, ಸ್ಯಾನ್ ಆಂಟೋನಿಯೋದಲ್ಲಿ ಕೋಚ್ ಪೊಪೊವಿಚ್.

ನೀನು ಲ್ಯಾರಿ ಬರ್ಡ್ ಹೆಸರು ಎತ್ತುತ್ತೀಯ, ಗೊತ್ತು. ಅಷ್ಟು ದೊಡ್ಡ ಆಟಗಾರ, ಕೋಚ್ ಆದ ಮೊದಲ ಸೀಸನ್ನಿಗೇ, 1998ರಲ್ಲಿ, ವರ್ಷದ ಕೋಚ್ ಪ್ರಶಸ್ತಿ, 2000ದಲ್ಲಿ ತನ್ನ ಪೇಸರ್ಸ್ ತಂಡವನ್ನ ಫೈನಲ್‌ಗೂ ಒಯ್ದ. ಇಲ್ಲಿ ನನ್ನ ವಾದ ಸ್ವಲ್ಪ ಅಲ್ಲಾಡುತ್ತದೆ, ಒಪ್ಪುತ್ತೇನೆ. ಆದರೆ ಅವನು ಕಾರ್ಲೈಲ್, ಹಾರ್ಟರ್ ಅಂತ ಇಬ್ಬರು ಸಹಾಯಕ ಕೋಚ್‌ಗಳನ್ನು ಪಕ್ಕದಲ್ಲಿ ಇಟ್ಟುಕೊಂಡು, ಬೋರ್ಡಿನ ಮೇಲೆ ಆಟದ ತಂತ್ರ ಬರೆಯೋ ಕೆಲಸವನ್ನೆಲ್ಲ ಬಹುಪಾಲು ಅವರಿಗೇ ಬಿಟ್ಟಿದ್ದ. ತನಗೇನು ಬರಲ್ಲ ಅನ್ನೋದು ಅವನಿಗೆ ಗೊತ್ತಿತ್ತು.

ನನಗೆ ನಿನ್ನ ಹತ್ತು ವರ್ಷದ ಮೇಲೆ ಅಷ್ಟು ನಂಬಿಕೆ ಇಲ್ಲ ಕಣೋ, ಬೇಜಾರು ಮಾಡ್ಕೋಬೇಡ. ಮೊಣಕಾಲು ಹೋಗಿ ಒಂದಿಡೀ ವರ್ಷ ಬೆಂಚಿನ ತುದಿಯಲ್ಲಿ ಕೂತಿದ್ದೆಯಲ್ಲ, ಅದರ ಮೇಲೆ ಇದೆ. ಆಗ ನೀನು ನನ್ನ ಕಿವಿಯಲ್ಲಿ "ಆ ಏಳನೇ ನಂಬರ್ ಪಾಸ್ ಕೊಡೋ ಮುಂಚೆ ಎಡಭುಜ ಇಳಿಸ್ತಾನೆ, ನೋಡ್ತಿರು" ಅಂತಿದ್ದೆ. ನೋಡಿದೆ. ಎರಡು ಸಲ ಚೆಂಡು ಕಿತ್ತೆ, ಮ್ಯಾಚ್ ಗೆದ್ವಿ, ಪೇಪರಿನಲ್ಲಿ ಬಂದಿದ್ದು ಮಾತ್ರ ನನ್ನ ಹೆಸರು. (ಇವತ್ತು ಒಪ್ಪಿಕೊಳ್ಳುತ್ತಿದ್ದೇನೆ, ಸಾಕಾ?)

ಹೂಂ ಅನ್ನು. ಆದರೆ ಮೊದಲ ಒಂದು ತಿಂಗಳು ನೀನು ಒಂದು ಶಾಟೂ ಹಾಕಬಾರದು. ಚೆಂಡು ಕೈಗೆ ಸಿಕ್ಕಿದರೆ ನಿನಗೆ ಬಾಯಿ ಬರಲ್ಲ. ಮೇಷ್ಟ್ರು ರಿಟೈರ್ ಆಗಿ ಊರಲ್ಲೇ ಇದ್ದಾರೆ, ಸಂಜೆ ಸುಮ್ನೆ ಕೂತಿರುತ್ತಾರೆ. ಭಾನುವಾರ ಬೆಳಗ್ಗೆ ಬಾ, ಅವರನ್ನೂ ಕರೆದುಕೊಂಡು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನುತ್ತಾ ಕೇಳೋಣ. ನಾನು ಕೇಳಿದರೆ ಬೈತಾರೆ, ನೀನೇ ಕೇಳು.

ನಿನ್ನ,
ಪುಟ್ಟ