ಅಪ್ಪನಿಗೆ, ಅಯೋವಾದ ನಮ್ಮ ಶಾಲೆಯ ಸುದ್ದಿ

ವಾಯುವ್ಯ ಅಯೋವಾ, ಅಮೆರಿಕ
16 ನವೆಂಬರ್ 2025

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಇವರಿಗೆ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಜಾಸ್ತಿ. ಪುಟ್ಟಿಗೆ ಸ್ವಲ್ಪ ನೆಗಡಿ ಇತ್ತು, ಈಗ ಹೋಗಿದೆ.

ಅಪ್ಪ, ಹೋದ ವಾರ ಫೋನಿನಲ್ಲಿ "ಶಾಲೆ ಎಲೆಕ್ಷನ್ ಏನಾಯ್ತು?" ಅಂತ ಕೇಳಿದಿರಿ. ಅಷ್ಟರಲ್ಲಿ ಲೈನ್ ಕಟ್ ಆಯಿತು. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಶಾಲೆ ಕಟ್ಟಡಕ್ಕೆ ಸಾಲ ಎತ್ತಬಹುದೇ ಅಂತ ಊರಿನವರ ಮತಕ್ಕೆ ಇಟ್ಟಿದ್ದ ಪ್ರಶ್ನೆ ಬಿದ್ದುಹೋಯಿತು. ಊರಿನವರು ಬೇಡ ಅಂದರು ಅಂತಲ್ಲ. ನವೆಂಬರ್ 4ರಂದು ವೋಟು ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೌದು ಅಂತಲೇ ಹಾಕಿದ್ದರು. ಆದರೆ ಅಯೋವಾದಲ್ಲಿ ಶಾಲೆಯವರು ಬಾಂಡ್ ಮಾರಿ, ಅಂದರೆ ಸಾಲಪತ್ರ ಮಾರಿ ಹಣ ಎತ್ತಿ, ಕಟ್ಟಡ ಕಟ್ಟಬೇಕಾದರೆ ನೂರಕ್ಕೆ 60 ಮತ ಬೇಕು. ಅಷ್ಟು ಬರಲಿಲ್ಲ. 2023ರಲ್ಲಿ ಕಾನೂನು ಬದಲಾದ ಮೇಲೆ ಇಂಥ ಪ್ರಶ್ನೆಯನ್ನು ನವೆಂಬರ್ ಚುನಾವಣೆಯಲ್ಲಿ ಮಾತ್ರ ಕೇಳಬಹುದು. ಹಾಗಾಗಿ ಇನ್ನೊಂದು ವರ್ಷ ಕಾಯಬೇಕು. ಚಿಕ್ಕ ಮಕ್ಕಳ ಕಟ್ಟಡದ ಮಾಡು ಸೋರುತ್ತದೆ. ಗಾಲಿಕುರ್ಚಿಯ ಮಗುವೊಂದು ಮೇಲಿನ ಮಹಡಿಗೆ ಹೋಗಲು ದಾರಿಯೇ ಇಲ್ಲ. ನನಗೆ ತುಂಬಾ ಬೇಸರವಾಯಿತು ಅಪ್ಪ. ಹತ್ತರಲ್ಲಿ ನಾಲ್ಕು ಜನಕ್ಕಿಂತ ಒಬ್ಬರು ಜಾಸ್ತಿ ಬೇಡ ಅಂದರೆ ಸಾಕು, ಉಳಿದವರ ಮಾತು ನಡೆಯುವುದಿಲ್ಲ. ಈ ನಿಯಮ ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಬೇಡ ಅಂದವರಿಗೂ ಅವರದೇ ಕಾರಣ ಇದೆ. ಇಲ್ಲಿ ಪಾಠ ನಡೆಸುವ ಖರ್ಚಿಗೆ ರಾಜ್ಯ ಸರ್ಕಾರ ಮಕ್ಕಳ ತಲೆ ಲೆಕ್ಕದಲ್ಲಿ ಹಣ ಕೊಡುತ್ತದೆ, ಜೊತೆಗೆ ಊರಿನ ಆಸ್ತಿ ತೆರಿಗೆ ಸೇರುತ್ತದೆ. ರಾಜ್ಯದ ಮಾರಾಟ ತೆರಿಗೆಯಲ್ಲಿ ಡಾಲರಿಗೆ ಒಂದು ಸೆಂಟ್ ಶಾಲೆ ಕಟ್ಟಡಗಳಿಗೇ ಅಂತ ಮೀಸಲು. ಸಣ್ಣಪುಟ್ಟ ರಿಪೇರಿ ಅದರಲ್ಲಿ ಆಗುತ್ತದೆ. ದೊಡ್ಡ ಕೆಲಸಕ್ಕೆ ಮಾತ್ರ ಬಾಂಡ್. ಆ ಸಾಲ ತೀರಿಸುವುದು ಊರಿನ ಮನೆ, ಅಂಗಡಿ, ಹೊಲಗಳ ತೆರಿಗೆಯಿಂದ. ಒಂದು ಸಾವಿರ ಡಾಲರ್ ತೆರಿಗೆ ಮೌಲ್ಯಕ್ಕೆ 2.70 ಡಾಲರ್ ಮೀರುವಂತಿಲ್ಲ. ಜನ ಬೇರೆಯಾಗಿ ಒಪ್ಪಿದರೆ 4.05ರ ತನಕ ಹೋಗಬಹುದು. ಪೇಟೆಯಲ್ಲಿ ಒಂದು ಸಣ್ಣ ಮನೆ ಇರುವವರಿಗೆ ಇದು ದೊಡ್ಡ ಹೊರೆ ಅಲ್ಲ. ಆದರೆ ನೂರಾರು ಎಕರೆ ಮೆಕ್ಕೆಜೋಳ, ಸೋಯಾ ಬೆಳೆಯುವ ರೈತನಿಗೆ ಪ್ರತಿ ಎಕರೆಗೂ ಬೀಳುತ್ತದೆ. ಆ ವರ್ಷ ಬೆಳೆಗೆ ದರ ಇರಲಿ, ಬಿಡಲಿ, ತೆರಿಗೆ ಕಟ್ಟಲೇಬೇಕು. ಅಡಿಕೆಗೆ ದರ ಬಿದ್ದ ವರ್ಷ ನಮ್ಮ ಮನೆಯಲ್ಲಿ ಹೇಗಿರುತ್ತಿತ್ತು ಅಂತ ನಿಮಗೆ ಗೊತ್ತೇ ಇದೆ.

ಅಕ್ಟೋಬರಿನಲ್ಲಿ ಶಾಲೆಯ ಲೈಬ್ರರಿಯಲ್ಲಿ ಬೋರ್ಡ್ ಮೀಟಿಂಗ್ ನಡೆಯಿತು. ನಾನೂ ಹೋಗಿದ್ದೆ. ಯಾರು ಬೇಕಾದರೂ ಹೋಗಿ ಕೂರಬಹುದು. ಎದ್ದು ನಿಂತು ಹೆಸರು ಹೇಳಿ ಮಾತಾಡಬಹುದು, ಒಬ್ಬೊಬ್ಬರಿಗೆ ಮೂರು ನಿಮಿಷ. ಮಕ್ಕಳ ಕುಳ್ಳ ಕುರ್ಚಿಗಳಲ್ಲಿ ದೊಡ್ಡ ದೊಡ್ಡ ರೈತರು ಮಂಡಿ ಮೇಲೆತ್ತಿ ಕೂತಿದ್ದರು. ಬೋರ್ಡಿನಲ್ಲಿ ಐದು ಜನ. ಒಬ್ಬರು ಹಂದಿ ಸಾಕುವವರು, ಒಬ್ಬರು ಇವರ ಆಸ್ಪತ್ರೆಯ ನರ್ಸ್, ಒಬ್ಬರು ಬ್ಯಾಂಕಿನವರು. ಎಲ್ಲರೂ ಊರಿನವರಿಂದ ಆರಿಸಿ ಬಂದವರು, ನಾಲ್ಕು ವರ್ಷದ ಅವಧಿ. ಈ ಕೆಲಸಕ್ಕೆ ಅವರಿಗೆ ಒಂದು ಪೈಸೆ ಸಂಬಳ ಇಲ್ಲ, ಅಯೋವಾ ಕಾನೂನೇ ಹಾಗಿದೆ. ಸೂಪರಿಂಟೆಂಡೆಂಟ್ ಅಂದರೆ ನಮ್ಮ ಬಿಇಓ ಇದ್ದ ಹಾಗೆ ಅನ್ನಿ. ಆದರೆ ಅವರನ್ನು ನೇಮಿಸುವುದು, ತೆಗೆಯುವುದು ಈ ಐದು ಜನ. ಸರ್ಕಾರ ವರ್ಗ ಮಾಡಿ ಕಳಿಸುವುದಲ್ಲ. ಖರ್ಚು ಉಳಿಸಲು ನಮ್ಮ ಶಾಲೆ ಮತ್ತು ಪಕ್ಕದ ಊರಿನ ಶಾಲೆ ಸೇರಿ ಒಬ್ಬರನ್ನೇ ಇಟ್ಟುಕೊಂಡಿವೆ.

ಆ ದಿನ ಒಬ್ಬ ಅಜ್ಜ ಎದ್ದು ನಿಂತರು. ಎಪ್ಪತ್ತು ದಾಟಿದವರು. ಟೋಪಿ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. ತಾವು, ತಮ್ಮ ಮಕ್ಕಳು ಎಲ್ಲ ಇದೇ ಶಾಲೆಯಲ್ಲಿ ಓದಿದವರು, ಮೊಮ್ಮಕ್ಕಳು ಮಾತ್ರ ರಾಜಧಾನಿ ಡೆ ಮೊಯ್ನ್‌ ಸೇರಿದ್ದಾರೆ, ಹತ್ತು ವರ್ಷ ಬಿಟ್ಟು ಈ ಕಟ್ಟಡಕ್ಕೆ ಮಕ್ಕಳು ಎಲ್ಲಿಂದ ಬರುತ್ತಾರೆ, ಇಪ್ಪತ್ತು ವರ್ಷದ ಸಾಲ ಯಾರು ತೀರಿಸುತ್ತಾರೆ ಅಂತ ಕೇಳಿದರು. ಯಾರೂ ಅವರ ಮೇಲೆ ರೇಗಲಿಲ್ಲ. ಅವರು ಕೇಳಿದ್ದು ಎಲ್ಲರ ಮನಸ್ಸಿನಲ್ಲೂ ಇದ್ದ ಪ್ರಶ್ನೆಯೇ. ಆಮೇಲೆ ಎರಡನೇ ತರಗತಿಯ ಟೀಚರ್ ಎದ್ದರು. ಮಳೆ ಬಂದ ದಿನ ಮಕ್ಕಳ ಮೇಜುಗಳನ್ನು ಯಾವ ಕಡೆಗೆ ಎಳೆದು ಹಾಕಬೇಕು, ಬಕೆಟ್ ಎಲ್ಲಿಡಬೇಕು ಅಂತ ನಕ್ಷೆ ಬರೆದು ಗೋಡೆಗೆ ಅಂಟಿಸಿದ್ದಾರಂತೆ. ಆ ಕಾಗದವನ್ನೇ ತಂದು ತೋರಿಸಿದರು.

ನಾವು ವೋಟು ಹಾಕುವ ಹಾಗಿಲ್ಲ, ಪೌರತ್ವ ಇಲ್ಲವಲ್ಲ. ತೆರಿಗೆ ಮಾತ್ರ ಕಟ್ಟುತ್ತೇವೆ. ಆದರೂ ನಾನು ಎದ್ದು ಎರಡು ಮಾತು ಹೇಳಿದೆ. ಹಳ್ಳಿ ಆಸ್ಪತ್ರೆಗೆ ಡಾಕ್ಟರ್ ಬೇಕು ಅಂತ ಇವರನ್ನು ಇಲ್ಲಿಗೆ ಕರೆಸಿದ್ದೀರಿ. ವೀಸಾ ಕರಾರಿನ ಪ್ರಕಾರ ಮೂರು ವರ್ಷ ಇಲ್ಲಿ ಇರಲೇಬೇಕು. ಆಮೇಲೆ ಇರುವುದೋ ಹೋಗುವುದೋ ಅಂತ ಯೋಚಿಸುವಾಗ ನಾವು ಮೊದಲು ನೋಡುವುದು ಈ ಶಾಲೆಯನ್ನೇ ಅಂದೆ. ಅದು ನಿಜವೇ ಅಪ್ಪ. ಇವರಿಗೂ ನನಗೂ ಇಲ್ಲಿ ಉಳಿಯುವ ಮನಸ್ಸಿದೆ.

ಆ ಅಜ್ಜನ ಭಯಕ್ಕೆ ಕಾರಣ ಇಲ್ಲದಿಲ್ಲ. 1900ರ ಹೊತ್ತಿಗೆ ಅಯೋವಾದಲ್ಲಿ 12,000ಕ್ಕೂ ಜಾಸ್ತಿ ಏಕಕೊಠಡಿ ಶಾಲೆಗಳಿದ್ದವು. ಹೊಲದ ಮಧ್ಯೆ ಒಂದು ಕೋಣೆ, ಒಬ್ಬರೇ ಟೀಚರ್, ಎಲ್ಲ ತರಗತಿಯೂ ಒಟ್ಟಿಗೆ. ನೀವು ನಲಿ-ಕಲಿ ಕೋಣೆಯಲ್ಲಿ ಮೂರು ತರಗತಿಯನ್ನು ಒಟ್ಟಿಗೆ ಕೂರಿಸುತ್ತಿದ್ದಿರಲ್ಲ, ಇದು ಎಂಟು ತರಗತಿ. ಆಮೇಲೆ ಅವೆಲ್ಲ ಒಂದೊಂದಾಗಿ ಸೇರುತ್ತಾ ಬಂದವು. ಎಲ್ಲ ಊರೂ ಹನ್ನೆರಡನೇ ತರಗತಿವರೆಗೆ ಇರುವ ಯಾವುದಾದರೂ ಒಂದು ಶಾಲಾ ಜಿಲ್ಲೆಗೆ (ಒಂದೇ ಬೋರ್ಡಿನ ಕೆಳಗೆ ಬರುವ ಪ್ರದೇಶಕ್ಕೆ) ಸೇರಲೇಬೇಕು ಅಂತ 1965ರಲ್ಲಿ ಕಾನೂನು ಬಂತು. ಈಗ ಇಡೀ ರಾಜ್ಯಕ್ಕೆ ಸುಮಾರು 325 ಶಾಲಾ ಜಿಲ್ಲೆಗಳು. ನಮ್ಮ ಕಡೆಗೆ ಒಎಬಿಸಿಐಜಿ ಅಂತ ಒಂದು ಶಾಲಾ ಜಿಲ್ಲೆ ಇದೆ. ಓಡಬೋಲ್ಟ್, ಆರ್ಥರ್, ಬ್ಯಾಟಲ್ ಕ್ರೀಕ್, ಐಡಾ ಗ್ರೋವ್, ನಾಲ್ಕೂ ಊರಿನ ಮೊದಲಕ್ಷರ ಅದರಲ್ಲಿದೆ. ಮೊದಲು ಎರಡೆರಡು ಊರು ಸೇರಿದ್ದವು, 2018ರಲ್ಲಿ ನಾಲ್ಕೂ ಒಂದಾದವು. ಯಾವ ಊರಿನವರೂ ತಮ್ಮ ಹೆಸರು ಬಿಟ್ಟುಕೊಡಲಿಲ್ಲ. ಆ ಹಟ ನನಗೆ ಇಷ್ಟವಾಯಿತು.

ಇಲ್ಲಿನ ಊರುಗಳಲ್ಲಿ ಶಾಲೆ ಹೋದರೆ ಇನ್ನೇನು ಉಳಿಯುತ್ತದೆ ಹೇಳಿ. ದೇವಸ್ಥಾನದ ರಥೋತ್ಸವ ಇಲ್ಲ, ಯಕ್ಷಗಾನ ಇಲ್ಲ. ಜನ ಸೇರುವುದು ಚರ್ಚಿನಲ್ಲಿ, ಬಿಟ್ಟರೆ ಶಾಲೆಯಲ್ಲಿ. ಶುಕ್ರವಾರ ರಾತ್ರಿ ಫುಟ್‌ಬಾಲ್ ಅಂದರೆ ಇಡೀ ಊರು ಅಲ್ಲೇ ಇರುತ್ತದೆ. ಇಲ್ಲಿಯದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಹನ್ನೊಂದು ಜನರ ತಂಡ ಕಟ್ಟುವಷ್ಟು ಹುಡುಗರು ಇಲ್ಲದ್ದರಿಂದ ನಮ್ಮ ಶಾಲೆ ಎಂಟು ಜನರ ಫುಟ್‌ಬಾಲ್ ಆಡುತ್ತದೆ. ಅದಕ್ಕೇ ಬೇರೆ ನಿಯಮ, ಬೇರೆ ಪಂದ್ಯಾವಳಿ ಇದೆ. ಬ್ಯಾಂಡ್ ಹುಡುಗರಲ್ಲೂ ಕೆಲವರು ಆಟಗಾರರೇ. ಅರ್ಧ ಆಟ ಮುಗಿದಾಗ ಆಟದ ಬಟ್ಟೆಯಲ್ಲೇ ಬಂದು ಡ್ರಮ್ ಬಾರಿಸಿ ಮತ್ತೆ ಓಡುತ್ತಾರೆ. ನಾನು ಪೋಷಕರ ಅಂಗಡಿಯಲ್ಲಿ ಟ್ಯಾಕೋ ಮಾರಿದೆ. ಚಿಪ್ಸ್ ಪ್ಯಾಕೆಟ್‌ನ ಹೊಟ್ಟೆ ಕತ್ತರಿಸಿ, ಅದರೊಳಗೇ ಮಾಂಸ, ಚೀಸ್, ಸೊಪ್ಪು ಸುರಿದು ಚಮಚ ಚುಚ್ಚಿ ಕೊಡುವುದು. ನಾನು ಬೇಯಿಸಿದ ಬೀನ್ಸ್ ಹಾಕಿ ಒಂದು ಪಾತ್ರೆ ಬೇರೆ ಮಾಡಿದ್ದೆ. ಅದು ಮೊದಲು ಖಾಲಿ ಆಯಿತು ಅಮ್ಮ! ಬಂದ ಹಣ ಬ್ಯಾಂಡಿನ ವಾದ್ಯ ರಿಪೇರಿಗೆ. ಪುಟ್ಟಿ ಐದನೇ ತರಗತಿಗೆ ಬಂದಳಲ್ಲ, ಅವಳಿಗೂ ಈಗ ಕ್ಲಾರಿನೆಟ್ ಕೊಟ್ಟಿದ್ದಾರೆ. ಮನೆ ತುಂಬ ಪೀಪೀ ಸದ್ದು.

ಅಮ್ಮ, ನೀನು ಕೇಳಿದ್ದೆ, ಮಧ್ಯಾಹ್ನ ಅವಳು ಏನು ತಿನ್ನುತ್ತಾಳೆ ಅಂತ. ಅಡುಗೆ ಮನೆಯಲ್ಲಿ ಒಬ್ಬರು ಇದ್ದಾರೆ, ನಮ್ಮ ಅತ್ತೆಯ ವಯಸ್ಸು. ಇಲ್ಲಿನ ಶಾಲೆಗಳಲ್ಲಿ ಮಾಂಸ ಹಾಕಿದ ಚಿಲ್ಲಿ ಸಾರಿನ ಜೊತೆ ದಾಲ್ಚಿನ್ನಿ ಸುರುಳಿ ಬನ್ ಕೊಡುವ ಪದ್ಧತಿ ಇದೆ. ಆ ದಿನ ಅವರು ಪುಟ್ಟಿಗೆ ಬರೀ ಬೀನ್ಸ್‌ನ ಚಿಲ್ಲಿ ಬೇರೆ ಪಾತ್ರೆಯಲ್ಲಿ ಮಾಡಿಡುತ್ತಾರೆ. ಬನ್ ಅಂತೂ ಎರಡು. ಆದರೆ ಇಲ್ಲಿ ಊಟಕ್ಕೆ ದುಡ್ಡು ಕೊಡಬೇಕು. ಬಡವರಿಗೆ ಮಾತ್ರ ಉಚಿತ, ಅದಕ್ಕೆ ಅರ್ಜಿ ತುಂಬಬೇಕು. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಉಚಿತ ಇತ್ತು, 2022ರಲ್ಲಿ ನಿಲ್ಲಿಸಿದರು. ಈಗ ಕೆಲವು ಮಕ್ಕಳ ಹೆಸರಿನಲ್ಲಿ ಊಟದ ಬಾಕಿ ಬೆಳೆಯುತ್ತದೆ. ಚರ್ಚಿನವರು ಆಗಾಗ ಚಂದಾ ಎತ್ತಿ ತೀರಿಸುತ್ತಾರೆ. ಅಲ್ಲಿ ನಮ್ಮೂರಿನ ಶಾಲೆಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು, ಯಾರು ಯಾರ ಮಗ ಅಂತ ಕೇಳದೆ ಎಲ್ಲರಿಗೂ ಬಡಿಸುತ್ತೇವಲ್ಲ, ಅದನ್ನು ಇಲ್ಲಿ ಹೇಳಿದರೆ ಟೀಚರುಗಳು ಆಶ್ಚರ್ಯಪಡುತ್ತಾರೆ. ಈ ಒಂದು ವಿಷಯದಲ್ಲಿ ನಾವು ಮಾಡಿದ್ದು ನಿಜವಾಗಿಯೂ ದೊಡ್ಡದು.

ಅಪ್ಪ, ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಸಣ್ಣ ಪದ್ಧತಿ. ಇಲ್ಲಿ ವಾರಪತ್ರಿಕೆ ಇದೆ. ಶಾಲೆಯ ಬೋರ್ಡ್ ಮೀಟಿಂಗಿನಲ್ಲಿ ಏನು ತೀರ್ಮಾನ ಆಯಿತು, ಯಾರಿಗೆ ಎಷ್ಟು ಬಿಲ್ ಪಾವತಿ ಆಯಿತು ಅಂತ ಅದರಲ್ಲಿ ಅಚ್ಚು ಹಾಕಿಸಲೇಬೇಕು, ಅದೂ ಕಾನೂನು. ಬಸ್ಸಿನ ಟೈರಿಗೆ ಎಷ್ಟು, ಹಾಲಿಗೆ ಎಷ್ಟು, ಪ್ಲಂಬರ್‌ಗೆ ಎಷ್ಟು, ಎಲ್ಲ ಸಣ್ಣಕ್ಷರದಲ್ಲಿ ಸಾಲಾಗಿ ಇರುತ್ತದೆ. ವರ್ಷಕ್ಕೊಮ್ಮೆ ಸಂಬಳದ ಪಟ್ಟಿಯೂ ಬರುತ್ತದೆ. ಕಾಫಿ ಅಂಗಡಿಯಲ್ಲಿ ಮುದುಕರು ಬೆಳಿಗ್ಗೆ ಕೂತು ಅದನ್ನೇ ಬೆರಳಿಟ್ಟು ಓದುತ್ತಾರೆ. "ಈ ಸಲ ಬಾಯ್ಲರ್‌ಗೆ ಯಾಕೆ ಇಷ್ಟು?" ಅಂತ ಬೋರ್ಡಿನವರನ್ನು ದಿನಸಿ ಅಂಗಡಿಯಲ್ಲೇ ಹಿಡಿದು ಕೇಳುತ್ತಾರೆ. ಸಣ್ಣ ಊರಿನ ಪತ್ರಿಕೆ ಅಂತ ಯಾರೂ ಹಗುರವಾಗಿ ನೋಡುವುದಿಲ್ಲ. ಇಲ್ಲೇ ಹತ್ತಿರದ ಸ್ಟಾರ್ಮ್ ಲೇಕ್ ಊರಿನ ಪತ್ರಿಕೆಯ ಸಂಪಾದಕ ಆರ್ಟ್ ಕಲ್ಲನ್‌ಗೆ 2017ರಲ್ಲಿ ಸಂಪಾದಕೀಯಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು, ಇಲ್ಲಿನ ಪತ್ರಕರ್ತರಿಗೆ ಅದು ದೊಡ್ಡ ಗೌರವ.

ಸ್ಟಾರ್ಮ್ ಲೇಕ್‌ನಲ್ಲಿ ಹಂದಿ, ಟರ್ಕಿ ಮಾಂಸದ ಕಾರ್ಖಾನೆಗಳಿವೆ. ಮೆಕ್ಸಿಕೊ, ಗ್ವಾಟೆಮಾಲ, ಲಾವೋಸ್ ಕಡೆಯವರೆಲ್ಲ ಕೆಲಸಕ್ಕೆ ಬಂದು ನೆಲೆಸಿದ್ದಾರೆ. ಅಕ್ಕಪಕ್ಕದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದ್ದರೂ ಅಲ್ಲಿ ಮಕ್ಕಳಿಗೆ ಬರವಿಲ್ಲ. ಪುಟ್ಟಿಯ ಜೊತೆ ಕೂರುವ ಹುಡುಗಿಯ ಮನೆಯವರೂ ಗ್ವಾಟೆಮಾಲದವರೇ. ತಂದೆ ತಾಯಿಗೆ ಈ ದೇಶದಲ್ಲಿ ಇರಲು ಕಾಗದಪತ್ರ ಇದೆಯೋ ಇಲ್ಲವೋ, ಮಗುವಿಗೆ ಶಾಲೆ ಬಾಗಿಲು ಮುಚ್ಚುವ ಹಾಗಿಲ್ಲ ಅಂತ 1982ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೂ ಹಿಡಿದು ವಾಪಸ್ ಕಳಿಸುತ್ತಾರೇನೋ ಅಂತ ಈ ವರ್ಷ ಆ ಮನೆಗಳಲ್ಲಿ ಭಯ ಜಾಸ್ತಿ ಇದೆ. ಅದನ್ನು ನೋಡಿದರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಖಾಸಗಿ ಶಾಲೆ ಸಮಸ್ಯೆ ಇಲ್ಲೂ ಶುರುವಾಗಿದೆ. ಖಾಸಗಿ ಶಾಲೆಗೆ ಹೋಗುವ ಮಗುವಿನ ಫೀಸಿಗೆ ಸರ್ಕಾರವೇ ಏಳೂವರೆ ಸಾವಿರ ಡಾಲರಿಗೂ ಮೇಲೆ ಕೊಡುವ ಕಾನೂನು 2023ರಲ್ಲಿ ಬಂತು. ಈ ವರ್ಷದಿಂದ ಶ್ರೀಮಂತ, ಬಡವ ಅಂತ ಭೇದ ಇಲ್ಲ, ಎಲ್ಲರಿಗೂ ಸಿಗುತ್ತದೆ. ಮಗು ಹೋದರೆ ತಲೆ ಲೆಕ್ಕದ ಹಣವೂ ಹೋಗುತ್ತದೆ, ಬಾಯ್ಲರ್ ಖರ್ಚು ಮಾತ್ರ ಹೋಗುವುದಿಲ್ಲ. ನಮ್ಮೂರಿನ ಬಾಗಿಲಿಗೆ ಇಂಗ್ಲಿಷ್ ಮೀಡಿಯಂ ವ್ಯಾನು ಬಂದ ಮೇಲೆ ಏನಾಯಿತು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೋದ ಮಂಗಳವಾರ ಮಾಜಿ ಸೈನಿಕರ ದಿನ. ಶಾಲೆಯ ಜಿಮ್‌ನಲ್ಲಿ ಮಕ್ಕಳು ಹಾಡಿದರು, ಊರಿನ ಹಳೇ ಸೈನಿಕರು ಒಬ್ಬೊಬ್ಬರಾಗಿ ಎದ್ದು ನಿಂತರು. ಆ ಟೋಪಿ ಅಜ್ಜನೂ ನಿಂತರು, ವಿಯೆಟ್ನಾಂಗೆ ಹೋಗಿದ್ದವರಂತೆ. ಕಾರ್ಯಕ್ರಮ ಮುಗಿದ ಮೇಲೆ ಮಡಚು ಕುರ್ಚಿಗಳನ್ನು ಎತ್ತಿಡುವವರಲ್ಲಿ ಅವರೇ ಮುಂದೆ. ಅದೇ ಟೀಚರ್ ಇನ್ನೊಂದು ತುದಿಯಿಂದ ಎತ್ತಿಡುತ್ತಿದ್ದರು. ಇಬ್ಬರೂ ಮಾಡಿನ ವಿಷಯವನ್ನೇ ಮಾತಾಡುತ್ತಿದ್ದರು. ಹೊಸ ಕಟ್ಟಡ ಬೇಡ, ಹಳೇ ಮಾಡನ್ನೇ ಬದಲಿಸಿ, ಒಂದು ಲಿಫ್ಟ್ ಹಾಕಿ, ಅಷ್ಟಕ್ಕೇ ಕೇಳಿ, ನಾನೂ ಹೌದು ಅನ್ನುತ್ತೇನೆ ಅಂತ ಅಜ್ಜ ಹೇಳಿದ್ದು ನನ್ನ ಕಿವಿಗೇ ಬಿತ್ತು. ಬೋರ್ಡಿನವರು ಡಿಸೆಂಬರ್ ಮೀಟಿಂಗಿನಲ್ಲಿ ಅದನ್ನು ಚರ್ಚೆಗೆ ಇಟ್ಟಿದ್ದಾರೆ. ನಾನು ಹೋಗುತ್ತೇನೆ.

ಅಪ್ಪ, ಈಗ ನಿಮ್ಮ ವಿಷಯ. ಈ ಸಲ ನಮ್ಮೂರ ಶಾಲೆಯ ಒಂದನೇ ತರಗತಿಗೆ ಮಕ್ಕಳೇ ಇಲ್ಲ, ಪಕ್ಕದೂರಿನ ಶಾಲೆಗೆ ಸೇರಿಸಿಬಿಡುತ್ತಾರೇನೋ, ಇನ್ನು ಹಳೇ ವಿದ್ಯಾರ್ಥಿಗಳ ಮೀಟಿಂಗು ಗೀಟಿಂಗು ಎಲ್ಲ ಸಾಕು ಅಂದಿರಲ್ಲ. ದಯವಿಟ್ಟು ಕೈಬಿಡಬೇಡಿ. 2001ರಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಬಂದಾಗ ಊರಿನವರಿಗೆ ಕೇಳುವ ಹಕ್ಕು ಬಂತು ಅಂತ ಎಷ್ಟು ಖುಷಿಪಟ್ಟಿದ್ದಿರಿ. ಒಂದು ಕೆಲಸ ಮಾಡಿನೋಡಿ. ಎಸ್‌ಡಿಎಂಸಿ ಅಧ್ಯಕ್ಷರನ್ನು ಕೇಳಿಕೊಂಡು ಈ ವರ್ಷ ಶಾಲೆಗೆ ಎಷ್ಟು ಹಣ ಬಂತು, ಯಾವುದಕ್ಕೆ ಖರ್ಚಾಯಿತು ಅಂತ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದು ಹಾಲಿನ ಡೈರಿ ಗೋಡೆಗೆ ಅಂಟಿಸಿ. ಬೆಳಿಗ್ಗೆ ಕ್ಯಾನ್ ಹಿಡಿದು ನಿಂತವರು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಕೇಳಿದವರನ್ನು ಮೀಟಿಂಗಿಗೆ ಕರೆಯಿರಿ. ಶೌಚಾಲಯದ ಬಾಗಿಲು, ನಲ್ಲಿಯ ಖರ್ಚು ಎಷ್ಟಾಗುತ್ತದೆ ಅಂತ ತಿಳಿಸಿ. ಇವರೂ ನಾನೂ ಮಾತಾಡಿಕೊಂಡಿದ್ದೇವೆ, ಅದನ್ನು ನಾವು ಕೊಡುತ್ತೇವೆ. ಆ ಹಣದ ಲೆಕ್ಕವೂ ಅದೇ ಗೋಡೆಯ ಮೇಲೆ ಬರಲಿ.

ಅಮ್ಮ, ಮಂಡಿ ನೋವಿಗೆ ಇವರು ಹೇಳಿದ ವ್ಯಾಯಾಮ ಬಿಡಬೇಡ. ಹಪ್ಪಳ, ಅಪ್ಪೆಮಿಡಿ ತಲುಪಿತು. ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿದೆ. ಈಗ ನಿಮಗೂ ನಮಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಇನ್ನು ಮೇಲೆ ಭಾನುವಾರ ನಿಮ್ಮ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ. ಪುಟ್ಟಿ ಕ್ಲಾರಿನೆಟ್ ಊದಿ ಕೇಳಿಸಬೇಕಂತೆ, ಅಪ್ಪ ಪಕ್ಕದಲ್ಲೇ ಇರಲಿ.

ನಿಮ್ಮ ಪ್ರೀತಿಯ ಮಗಳು